ಮೈಗೆ ಒಗ್ಗದ್ದು

‘ಬದನೆಕಾಯಿ ನನಗೆ ಒಗ್ಗುವುದಿಲ್ಲ’, ‘ಈ ಊರಿನ ಹವೆ ಅವಳಿಗೆ ಒಗ್ಗಲಿಲ್ಲ’, ‘ಮಗುವಿಗೆ ಹಸುವಿನ ಹಾಲು ಒಗ್ಗದು’ - ಇಂಥ ಮಾತುಗಳನ್ನು ನಾವು ದಿನವೂ ಆಡುತ್ತೇವೆ, ಕೇಳುತ್ತೇವೆ. ಒಗ್ಗುವುದು ಎಂಬ ಮಾತಿನಲ್ಲಿ ಒಂದು ನಂಟಿನ ಭಾವವಿದೆ. ಸಂತೆಯಿಂದ ತಂದ ಹೊಸ ದನ ಕೊಟ್ಟಿಗೆಗೆ ಒಗ್ಗಬೇಕು. ಪರವೂರಿಗೆ ಹೋದವನು ಅಲ್ಲಿಯ ನೀರಿಗೆ ಒಗ್ಗಬೇಕು. ಒಗ್ಗದೆ ಹೋದರೆ ತಪ್ಪೆಲ್ಲ ದನದ್ದು ಎಂದಾಗಲಿ ಕೊಟ್ಟಿಗೆಯದು ಎಂದಾಗಲಿ ಹೇಳಲು ಬರುವುದಿಲ್ಲ. ಎರಡರ ನಡುವೆ ಏನೋ ಕೂಡಿಬರಲಿಲ್ಲ ಎಂದಷ್ಟೇ ಅದರ ಅರ್ಥ. ಇಂಗ್ಲಿಷಿನಿಂದ ಬಂದು ಈಗ ಕನ್ನಡದ್ದೇ ಆಗಿಹೋಗಿರುವ ‘ಅಲರ್ಜಿ’ ಎಂಬ ಶಬ್ದದ ತಿರುಳು ನಮ್ಮ ಈ ಹಳೆಯ ಮಾತಿನಲ್ಲಿ ಬಹುಮಟ್ಟಿಗೆ ಅಡಗಿದೆ.

ಆದರೆ ಇದರ ಜೊತೆಯಲ್ಲಿಯೇ ನಾವು ಬಳಸುವ ಇನ್ನೊಂದು ಮಾತಿದೆ - ‘ನಂಜು’. ಬದನೆಕಾಯಿ ನಂಜು, ಗಾಯವಿದ್ದಾಗ ತಿನ್ನಬಾರದು ಎನ್ನುತ್ತಾರೆ ಹಿರಿಯರು. ನಂಜು ವಸ್ತುವಿನ ಗುಣ; ಒಗ್ಗದಿರುವುದು ವಸ್ತುವಿಗೂ ಮನುಷ್ಯನಿಗೂ ಇರುವ ನಂಟಿನ ಗುಣ. ನಾಗರಹಾವಿನ ವಿಷ ಅರಸನೆಂದು ಬಿಡದು, ಆಳೆಂದು ಬಿಡದು, ಅದು ನಂಜು. ಹುರಿದ ಕಡಲೆಕಾಯಿ ನೂರು ಜನಕ್ಕೆ ರುಚಿಯಾದ ಆಹಾರ, ನೂರೊಂದನೆಯವನಿಗೆ ಪ್ರಾಣಸಂಕಟ, ಅದು ಒಗ್ಗದಿಕೆ. ಈ ಭೇದವನ್ನು ಮರೆತಾಗ ನಾವು ಎರಡರಲ್ಲೊಂದು ತಪ್ಪು ದಾರಿ ಹಿಡಿಯುತ್ತೇವೆ. ಒಂದೋ, ಯಾರಿಗೋ ಆಗದ ವಸ್ತುವನ್ನು ಎಲ್ಲರ ತಟ್ಟೆಯಿಂದಲೂ ತೆಗೆದುಹಾಕುತ್ತೇವೆ. ಇಲ್ಲವೇ, ನಮಗೆಲ್ಲ ಏನೂ ಆಗದಿರುವಾಗ ನಿನಗೊಬ್ಬನಿಗೇ ಏನು ಬಂತು ಎಂದು ನರಳುವವನನ್ನೇ ಜರೆಯುತ್ತೇವೆ. ಚರ್ಮರೋಗಗಳ ವೈದ್ಯನಾಗಿ ನಾನು ಕಂಡಂತೆ, ಈ ಎರಡನೆಯ ದಾರಿಯಿಂದ ಆಗಿರುವ ನೋವು ಮೊದಲನೆಯದಕ್ಕಿಂತ ಬಹಳ ಹೆಚ್ಚು. ಆದಕಾರಣ ಅಲರ್ಜಿ ಎಂದರೇನು, ಅದರ ಕಾರಣ ನಿಜವಾಗಿ ಎಲ್ಲಿದೆ ಎಂಬುದನ್ನು ಇಂದು ನಿಮ್ಮೊಡನೆ ಸ್ವಲ್ಪ ವಿಚಾರ ಮಾಡಬಯಸುತ್ತೇನೆ.

‘ಅಲರ್ಜಿ’ ಎಂಬ ಶಬ್ದಕ್ಕೆ ನೂರಿಪ್ಪತ್ತು ವರ್ಷಗಳ ಆಯುಸ್ಸು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬಾತ ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ಅದನ್ನು ಕಟ್ಟಿದ. ‘ಬೇರೆ ಬಗೆಯ ವರ್ತನೆ’ ಎಂಬಷ್ಟೇ ಅದರ ಅರ್ಥ. ಆ ಕಾಲದಲ್ಲಿ ಗಂಟಲಮಾರಿಗೆ ಮದ್ದೆಂದು ಕುದುರೆಯ ರಕ್ತದ ತಿಳಿಯನ್ನು ಮಕ್ಕಳಿಗೆ ಚುಚ್ಚುತ್ತಿದ್ದರು. ಕೆಲವು ಮಕ್ಕಳಿಗೆ ಎಂಟು ಹತ್ತು ದಿನಗಳ ಅನಂತರ ಜ್ವರ ಬಂದು, ಮೈಯೆಲ್ಲ ಗಂಧೆ ಎದ್ದು, ಕೀಲುಗಳು ಬಾಯುತ್ತಿದ್ದುವು. ಅದೇ ಮಗುವಿಗೆ ಇನ್ನೊಮ್ಮೆ ಚುಚ್ಚುವ ಪ್ರಸಂಗ ಬಂದರೆ ಹತ್ತು ದಿನ ಕಾಯಬೇಕಾಗಿರಲಿಲ್ಲ. ಅದೇ ಲಕ್ಷಣಗಳು ಬಹು ಬೇಗ ಕಾಣಿಸಿಕೊಳ್ಳುತ್ತಿದ್ದುವು. ಮದ್ದು ಅದೇ, ಮಗುವೂ ಅದೇ, ನಡುವೆ ಬದಲಾದದ್ದೇನು? ಮಗುವಿನ ಮೈ ಆ ವಸ್ತುವನ್ನು ಒಮ್ಮೆ ಕಂಡಿತ್ತು, ಕಂಡದ್ದನ್ನು ನೆನಪಿಟ್ಟುಕೊಂಡಿತ್ತು. ಪಿರ್ಕೆ ಹೇಳಿದ್ದು ಇದನ್ನೇ.

ಅದಕ್ಕೆ ಸ್ವಲ್ಪ ಮುಂಚೆ ಫ್ರಾನ್ಸಿನಲ್ಲಿ ಇದಕ್ಕಿಂತ ಭಯಂಕರವಾದ ಸಂಗತಿಯೊಂದು ಬೆಳಕಿಗೆ ಬಂದಿತ್ತು. ಷಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೇ ಎಂಬ ಇಬ್ಬರು ವಿಜ್ಞಾನಿಗಳು ಕಡಲ ಪ್ರಾಣಿಯೊಂದರ ವಿಷವನ್ನು ನಾಯಿಗಳಿಗೆ ಸ್ವಲ್ಪಸ್ವಲ್ಪವಾಗಿ ಕೊಟ್ಟು, ಅವು ಅದಕ್ಕೆ ಒಗ್ಗಿಕೊಳ್ಳುವುವೇ ಎಂದು ನೋಡುತ್ತಿದ್ದರು. ಮೊದಲ ಸಲ ತಾಳಿಕೊಂಡು ಆರೋಗ್ಯವಾಗಿದ್ದ ನಾಯಿಗೆ ಕೆಲವು ವಾರಗಳ ಮೇಲೆ ಅದೇ ವಿಷವನ್ನು ಮತ್ತೆ ಚುಚ್ಚಿದಾಗ ಅದು ಅರ್ಧ ಗಂಟೆಯೊಳಗೆ ಏದುಸಿರುಬಿಟ್ಟು ಸತ್ತಿತು. ಒಗ್ಗಿಸಲು ಹೊರಟದ್ದು ಒಗ್ಗದಂತೆ ಮಾಡಿತ್ತು! 1902ರಲ್ಲಿ ಅವರು ಇದಕ್ಕೆ ‘ಅನಾಫಿಲ್ಯಾಕ್ಸಿಸ್’ ಎಂದು ಹೆಸರಿಟ್ಟರು. ಜೇನುಹುಳು ಕಚ್ಚಿ, ಪೆನಿಸಿಲಿನ್ ಚುಚ್ಚಿಸಿಕೊಂಡು, ಅಥವಾ ಒಂದು ಸೀಗಡಿಯನ್ನು ತಿಂದು ಕೆಲವರು ನಿಮಿಷಗಳಲ್ಲಿ ಕುಸಿದುಬೀಳುತ್ತಾರಲ್ಲ, ಅದು ಇದೇ. ಈ ಕೆಲಸಕ್ಕಾಗಿ ರಿಷೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹಾಗಾದರೆ ಮೈಯ ಈ ನೆನಪು ಇರುವುದೆಲ್ಲಿ? ಈ ಪ್ರಶ್ನೆಗೆ ಉತ್ತರ ದೊರೆತ ಬಗೆ ಕಥೆಯಂತಿದೆ. 1921ರಲ್ಲಿ ಆಗಿನ ಜರ್ಮನಿಯ ಬ್ರೆಸ್ಲೌ ನಗರದಲ್ಲಿ ಪ್ರೌಸ್‌ನಿಟ್ಸ್ ಮತ್ತು ಕೂಸ್ಟ್‌ನರ್ ಎಂಬ ಇಬ್ಬರು ವೈದ್ಯರಿದ್ದರು. ಕೂಸ್ಟ್‌ನರನಿಗೆ ಬೇಯಿಸಿದ ಮೀನು ಆಗದು. ಪ್ರೌಸ್‌ನಿಟ್ಸನಿಗೆ ಮೀನಿನಿಂದ ಯಾವ ತೊಂದರೆಯೂ ಇಲ್ಲ. ಕೂಸ್ಟ್‌ನರನ ರಕ್ತದ ತಿಳಿಯನ್ನು ತೊಟ್ಟಷ್ಟು ಪ್ರೌಸ್‌ನಿಟ್ಸನ ಚರ್ಮದೊಳಕ್ಕೆ ಚುಚ್ಚಿದರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ಅಲ್ಲಿ ಮಾತ್ರ ಗಂಧೆ ಎದ್ದು ನವೆಯಾಯಿತು. ಮೀನಿನಲ್ಲಿ ಹೊಸದಾಗಿ ಏನೂ ಸೇರಿರಲಿಲ್ಲ. ಒಬ್ಬನ ರಕ್ತದಲ್ಲಿದ್ದ ಏನೋ ಒಂದು ಇನ್ನೊಬ್ಬನ ಚರ್ಮಕ್ಕೆ ಆ ಒಗ್ಗದಿಕೆಯನ್ನು ದಾಟಿಸಿತ್ತು. ಆ ‘ಏನೋ ಒಂದು’ ಯಾವುದೆಂದು ತಿಳಿಯಲು ಮತ್ತೆ 45 ವರ್ಷಗಳು ಹಿಡಿದುವು. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನೀ ದಂಪತಿಗಳಾದ ಇಷಿಝಾಕಾ ಅವರು 1966ರಲ್ಲಿಯೂ, ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಅವರು 1967ರಲ್ಲಿಯೂ ಅದನ್ನು ಬೇರೆಬೇರೆಯಾಗಿ ಕಂಡುಹಿಡಿದರು. ಇಮ್ಯುನೋಗ್ಲಾಬ್ಯುಲಿನ್-ಇ ಎಂದು ಅದರ ಹೆಸರು. ಸುಲಭವಾಗಿ ‘ಇ-ಪ್ರತಿಕಾಯ’ ಎಂದು ಕರೆಯೋಣ.

ಪ್ರತಿಕಾಯಗಳು ನಮ್ಮ ಶತ್ರುಗಳಲ್ಲ. ಒಮ್ಮೆ ಸಿಡುಬು ಬಂದು ಉಳಿದವನಿಗೆ ಮತ್ತೆ ಬಾರದಂತೆ ಕಾಪಾಡುತ್ತಿದ್ದುದು ಇಂಥವೇ. ಅವುಗಳಲ್ಲಿ ಇ-ಪ್ರತಿಕಾಯಗಳ ಪಾಲಿಗೆ ಬಂದ ಕೆಲಸ ಮುಖ್ಯವಾಗಿ ಜಂತುಹುಳು ಮೊದಲಾದ ಪರೋಪಜೀವಿಗಳನ್ನು ಎದುರಿಸುವುದು ಎಂದು ವಿಜ್ಞಾನಿಗಳು ತಿಳಿಯುತ್ತಾರೆ. ಇವು ಮೂಗು, ಕಣ್ಣು, ಶ್ವಾಸನಾಳ, ಕರುಳು, ಚರ್ಮ - ಅಂದರೆ ಹೊರಗಿನ ಲೋಕ ನಮ್ಮನ್ನು ತಾಕುವ ಎಲ್ಲ ಹೊಸ್ತಿಲುಗಳಲ್ಲೂ ಕುಳಿತಿರುವ ‘ಮಾಸ್ಟ್ ಕಣ’ಗಳೆಂಬ ಜೀವಕಣಗಳ ಮೇಲೆ ಅಂಟಿಕೊಂಡು ಕಾಯುತ್ತಿರುತ್ತವೆ. ಆ ಕಣಗಳ ಒಡಲಿನಲ್ಲಿ ಹಿಸ್ಟಮಿನ್ ಮುಂತಾದ ಉಗ್ರ ದ್ರವ್ಯಗಳು ತುಂಬಿವೆ. ಗುರುತಿಟ್ಟುಕೊಂಡ ವಸ್ತು ಹೊಸ್ತಿಲಿಗೆ ಬಂದೊಡನೆ ಕಣ ಒಡೆದು ಅವು ಹೊರಚೆಲ್ಲುತ್ತವೆ. ಮೂಗಿನಲ್ಲಿ ಚೆಲ್ಲಿದರೆ ಸೀನು, ನೀರು, ಶ್ವಾಸನಾಳದಲ್ಲಾದರೆ ಉಬ್ಬಸ, ಚರ್ಮದಲ್ಲಾದರೆ ನಾವು ಪಿತ್ತಗಂಧೆ ಎನ್ನುವ ದದ್ದು, ಮೈಯೆಲ್ಲ ಒಮ್ಮೆಗೇ ಆದರೆ ರಿಷೆ ಕಂಡ ಪ್ರಾಣಾಪಾಯ. ಕಳ್ಳನಿಗಾಗಿ ಇಟ್ಟ ಕಾವಲುಗಾರ ಹೂ ಮಾರಲು ಬಂದವಳ ಮೇಲೆ ದೊಣ್ಣೆ ಬೀಸಿದಂತೆ, ಹಾನಿಯಿಲ್ಲದ ಪರಾಗದ ಮೇಲೋ ಹಾಲಿನ ಮೇಲೋ ನಮ್ಮ ಮೈ ಯುದ್ಧ ಹೂಡುತ್ತದೆ. ಈ ತಪ್ಪು ಗುರುತೇ ಅಲರ್ಜಿ.

ಇಲ್ಲಿ ರೋಗಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಇಪ್ಪತ್ತು ವರ್ಷದಿಂದ ಅದನ್ನೇ ತಿಂದಿದ್ದೇನೆ, ಅದನ್ನೇ ಮುಟ್ಟಿದ್ದೇನೆ, ಈಗ ಅದರಿಂದಲೇ ಎಂದರೆ ಹೇಗೆ ನಂಬಲಿ?’ ಪ್ರಶ್ನೆ ನ್ಯಾಯವಾದದ್ದು. ಆದರೆ ಅಲರ್ಜಿ ಹುಟ್ಟಬೇಕಾದರೆ ಮೊದಲು ಪರಿಚಯವಾಗಲೇಬೇಕು. ಮೊದಲ ಭೇಟಿಯಲ್ಲಿ ಏನೂ ಆಗುವುದಿಲ್ಲ. ಹತ್ತನೆಯ ಭೇಟಿಯಲ್ಲೂ ಆಗದಿರಬಹುದು. ಎಂದೋ ಒಂದು ದಿನ ಮೈ ಅದನ್ನು ಹಗೆಯೆಂದು ಬರೆದಿಟ್ಟುಕೊಳ್ಳುತ್ತದೆ. ಬರೆದುಕೊಂಡ ದಿನ ನಮಗೆ ಗೊತ್ತಾಗುವುದಿಲ್ಲ. ಅದರ ಮುಂದಿನ ಭೇಟಿ ಮಾತ್ರ ಗೊತ್ತಾಗುತ್ತದೆ. ಹಳೆಯ ನಂಟೇ ಹಗೆಯಾಗುವುದು ಸಂಸಾರದಲ್ಲಿ ಎಂತೋ ಶರೀರದಲ್ಲಿಯೂ ಅಂತೆಯೇ.

ಇನ್ನು ಸಾಮಾನ್ಯವಾದ ಕಾರಣಗಳು. ನಿಮ್ಮಲ್ಲಿ ಪುಸ್ತಕಪ್ರಿಯರು ಅನೇಕರಿರಬಹುದು. ಬಹುಕಾಲ ತೆಗೆಯದ ಬೀರುವಿನಿಂದ ಹಳೆಯ ಸಂಪುಟವೊಂದನ್ನು ಇಳಿಸಿದಾಗ ಸಾಲುಸಾಲಾಗಿ ಸೀನು ಬರುವುದುಂಟು. ಧೂಳಿನಿಂದ ಎನ್ನುತ್ತೇವೆ. ಧೂಳೆಂದರೆ ಬರಿಯ ಮಣ್ಣಲ್ಲ. ಅದರಲ್ಲಿ ಬೂಷ್ಟಿನ ಬೀಜಕಣಗಳಿವೆ, ಜಿರಲೆಯ ಹಿಕ್ಕೆಯಿದೆ, ನಮ್ಮ ಮೈಯಿಂದಲೇ ಉದುರಿದ ಚರ್ಮದ ಹೊಟ್ಟಿದೆ. ಆ ಹೊಟ್ಟನ್ನು ತಿಂದು ಬದುಕುವ ನುಸಿಯೂ ಇದೆ. ಹಾಲೆಂಡಿನ ಲೈಡನ್ ನಗರದ ಫೋರ್‌ಹೋರ್ಸ್ಟ್ ಮತ್ತವನ ಸಂಗಡಿಗರು 1964ರಲ್ಲಿ ಮನೆಯ ಧೂಳಿನ ಅಲರ್ಜಿಗೆ ಈ ನುಸಿಯೇ ಮುಖ್ಯ ಕಾರಣವೆಂದು ತೋರಿಸಿದರು. ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟೇ ಉದ್ದದ ಈ ಜೀವಿ ಕಣ್ಣಿಗೆ ಬೀಳದು. ಅದು ಕಚ್ಚುವುದೂ ಇಲ್ಲ. ಅದರ ಮಲದಲ್ಲಿರುವ ಕೆಲವು ಪ್ರೋಟೀನುಗಳು ಉಸಿರಿನೊಡನೆ ಒಳಹೋಗುವುದೇ ತೊಂದರೆಯ ಮೂಲ. ತೇವವಿರುವ ಹವೆ, ಹತ್ತಿಯ ಹಾಸಿಗೆ, ದಿಂಬು ಇದಕ್ಕೆ ಪ್ರಿಯವಾದ ನೆಲೆಗಳು. ಬೆಳಗ್ಗೆ ಹಾಸಿಗೆಯಿಂದ ಏಳುತ್ತಲೇ ಹತ್ತಾರು ಸೀನು ಬಂದು, ಬಿಸಿಲೇರಿದಂತೆ ಸುಮ್ಮನಾಗುವವರು ನೆಗಡಿಯನ್ನು ಬೈಯುವ ಮೊದಲು ದಿಂಬನ್ನು ಶಂಕಿಸುವುದು ಒಳ್ಳೆಯದು. ಹಾಸಿಗೆ ದಿಂಬುಗಳನ್ನು ಆಗಾಗ ಸುಡುಬಿಸಿಲಿಗೆ ಹಾಕಿ ಬಡಿಯುತ್ತಿದ್ದ ನಮ್ಮ ಅಜ್ಜಿಯರ ಪರಿಪಾಟಿ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವ ಅಭ್ಯಾಸ, ಇವೆರಡೂ ಅರ್ಥವುಳ್ಳವು.

ಆಹಾರದ ವಿಷಯಕ್ಕೆ ಬಂದರೆ ಹಾಲು, ಮೊಟ್ಟೆ, ಕಡಲೆಕಾಯಿ, ಗೋಧಿ, ಮೀನು, ಸೀಗಡಿ ಇವು ಹೆಚ್ಚು ಕಾಡುವಂಥವು. ನಮ್ಮ ಬದನೆಕಾಯಿಯ ಮೇಲಿನ ಆರೋಪವನ್ನು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳೇ ವಿಚಾರಣೆಗೆ ಒಳಪಡಿಸಿದರು. ಅವರು 2008ರಲ್ಲಿ ಪ್ರಕಟಿಸಿದ ವರದಿ ಸ್ವಾರಸ್ಯವಾಗಿದೆ. ಮೈಸೂರಿನ 700ಕ್ಕೂ ಹೆಚ್ಚು ಜನರನ್ನು ವಿಚಾರಿಸಿದಾಗ ನೂರಕ್ಕೆ ಸುಮಾರು ಹತ್ತು ಮಂದಿಗೆ ಬದನೆಯಿಂದ ಏನಾದರೊಂದು ಕಿರಿಕಿರಿ ಕಂಡುಬಂತು. ಆದರೆ ಇ-ಪ್ರತಿಕಾಯದಿಂದ ಆಗುವ ನಿಜವಾದ ಅಲರ್ಜಿ ಇದ್ದದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಮಿಕ್ಕವರದು ಸುಳ್ಳೆಂದು ಇದರ ಅರ್ಥವಲ್ಲ. ಬದನೆಯಲ್ಲಿ ಹಿಸ್ಟಮಿನ್ ಮುಂತಾದ ದ್ರವ್ಯಗಳು ಸ್ವಲ್ಪಮಟ್ಟಿಗೆ ತಾವಾಗಿಯೇ ಇವೆ. ಹೆಚ್ಚು ತಿಂದರೆ ಬಾಯಿ ಗಂಟಲು ಕೆರೆಯಬಹುದು. ಅದು ನಂಜು. ತುಣುಕು ತಿಂದರೂ ಮೈಯೆಲ್ಲ ಗಂಧೆ ಏಳುವುದು ಒಗ್ಗದಿಕೆ. ನಮ್ಮ ಹಿರಿಯರ ಎರಡು ಮಾತುಗಳೂ ಹೀಗೆ ಒಂದೇ ಕಾಯಿಯಲ್ಲಿ ನಿಜವಾದುವು! ಹಾಗೆಯೇ ಹಾಲು ಕುಡಿದೊಡನೆ ಹೊಟ್ಟೆಯುಬ್ಬರಿಸುವ ದೊಡ್ಡವರಿಗೆಲ್ಲ ಅಲರ್ಜಿಯಿದೆ ಎನ್ನಲಾಗದು; ಬಹುಮಂದಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ತಗ್ಗಿರುತ್ತದೆ, ಅಷ್ಟೆ.

ಇದುವರೆಗೆ ಹೇಳಿದ್ದು ನಿಮಿಷಗಳಲ್ಲಿ ಕಾಣಿಸಿಕೊಳ್ಳುವ ಅಲರ್ಜಿ. ಇದಕ್ಕೆ ಒಬ್ಬ ತಮ್ಮನಿದ್ದಾನೆ. ನಿಧಾನದವನು, ಆದರೆ ಬಹಳ ಹಟಮಾರಿ. ಇವನಿಗೆ ಪ್ರತಿಕಾಯಗಳ ಹಂಗಿಲ್ಲ. ರಕ್ತದ ಬಿಳಿಯ ಕಣಗಳಲ್ಲಿ ಒಂದು ಜಾತಿ ತಾನೇ ವಸ್ತುವನ್ನು ನೆನಪಿಟ್ಟುಕೊಂಡು, ಅದು ಚರ್ಮವನ್ನು ತಾಕಿದಲ್ಲಿಗೆ ಒಂದೆರಡು ದಿನಗಳಲ್ಲಿ ದಂಡೆತ್ತಿ ಬರುತ್ತದೆ. ಫಲ - ತುರಿಕೆ, ಕೆಂಪು, ನೀರೊಸರುವ ಗುಳ್ಳೆ, ಕೊನೆಗೆ ಇಸುಬು. ಗಿಲೀಟಿನ ಓಲೆಯಲ್ಲಿರುವ ನಿಕ್ಕಲ್ ಲೋಹದಿಂದ ಕಿವಿಯ ಹಾಲೆ ಸೋರುವುದು, ಕೂದಲಿಗೆ ಹಚ್ಚುವ ಕಪ್ಪು ಬಣ್ಣದಿಂದ ನೆತ್ತಿ ಹಣೆಗಳು ಉರಿಯುವುದು, ಅಂಟುಬೊಟ್ಟಿನ ಅಡಿಯಲ್ಲಿ ಚರ್ಮ ಕೆಡುವುದು ಎಲ್ಲವೂ ಈ ಬಗೆಯವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸಿಪಾಯಿಗಳಿಗೆ ಕತ್ತಿನ ಹಿಂಭಾಗದಲ್ಲಿ, ಸೊಂಟದಲ್ಲಿ ಪುಟ್ಟ ಪುಟ್ಟ ಹುಣ್ಣುಗಳಾಗತೊಡಗಿದುವು. ವಿಚಾರಿಸಿ ನೋಡಿದರೆ, ಅಗಸರು ಬಟ್ಟೆ ತಪ್ಪಿಹೋಗದಂತೆ ಗೇರಿನ ಜಾತಿಯ ಕಾಡುಕಾಯಿಯೊಂದರ ಕಪ್ಪು ರಸದಿಂದ ಅಂಗಿಯ ಕೊರಳಿಗೆ, ಚಡ್ಡಿಯ ಪಟ್ಟಿಗೆ ಗುರುತು ಹಾಕುತ್ತಿದ್ದರು; ಹುಣ್ಣಿದ್ದುದು ಆ ಗುರುತು ತಾಗುವ ಜಾಗದಲ್ಲಿ!

ನಿಧಾನದ ಈ ಅಲರ್ಜಿ ನಮ್ಮ ನಾಡಿನಲ್ಲಿ ಎಸಗಿದ ದೊಡ್ಡ ಹಾವಳಿಯೆಂದರೆ ಕಾಂಗ್ರೆಸ್ ಗಿಡದ್ದು. ಈ ಗಿಡವನ್ನು ನೋಡದವರಿಲ್ಲ. ರಸ್ತೆಯ ಬದಿ, ರೈಲುಹಳಿ, ಖಾಲಿ ನಿವೇಶನ, ಬೀಳುಬಿಟ್ಟ ಹೊಲ ಎಲ್ಲೆಡೆಯೂ ಗಜ್ಜರಿಯ ಸೊಪ್ಪಿನಂಥ ಎಲೆಯನ್ನೂ ಚಿಕ್ಕ ಬಿಳಿಯ ಹೂಗಳನ್ನೂ ಹೊತ್ತು ನಿಂತಿರುತ್ತದೆ. ಸಸ್ಯಶಾಸ್ತ್ರದ ಹೆಸರು ಪಾರ್ಥೇನಿಯಮ್ ಹಿಸ್ಟೆರೊಫೊರಸ್. ಹುಟ್ಟೂರು ಮೆಕ್ಸಿಕೊ ಮತ್ತು ಸುತ್ತಲಿನ ಅಮೆರಿಕದ ನಾಡುಗಳು. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಇದು ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿತ್ತು. ಅಮೆರಿಕದಿಂದ ತರಿಸಿದ ಗೋಧಿಯೊಡನೆ ಬೀಜ ಬಂದಿರಬೇಕೆಂದು ಬಹುಮಂದಿಯ ಊಹೆ. ಬಿಳಿಯ ಹೂವು ಗಾಂಧಿ ಟೋಪಿಯನ್ನು ಹೋಲುವುದರಿಂದ ಈ ಹೆಸರು ಬಂತೆನ್ನುತ್ತಾರೆ. ಒಂದೊಂದು ಗಿಡ 15,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ದನಗಳು ಇದಕ್ಕೆ ಬಾಯಿ ಹಾಕುವುದು ಅಪರೂಪ. ಕೆಲವೇ ದಶಕಗಳಲ್ಲಿ ಅದು ದೇಶವನ್ನು ಆವರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಗಿಡದಲ್ಲಿ ಎರಡು ಬಗೆಯ ಅಲರ್ಜಿಗಳೂ ಒಟ್ಟಿಗೆ ನೆಲೆಸಿವೆ. ಇದರ ಪರಾಗ ಮೂಗನ್ನು ಸೇರಿದರೆ ಸೀನು, ಕಣ್ಣುರಿ. ಅದು ಇ-ಪ್ರತಿಕಾಯದ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ನಗರದಲ್ಲಿ ನೂರಕ್ಕೆ ಏಳು ಮಂದಿ ಈ ಗಿಡದಿಂದಾಗುವ ಮೂಗಿನ ಅಲರ್ಜಿಯಿಂದ ನರಳುತ್ತಿದ್ದರು. ಇನ್ನೊಂದು ಬಗೆ ಚರ್ಮದ್ದು. ಎಲೆ ಕಾಂಡಗಳ ಮೇಲಿನ ನವಿರಾದ ರೋಮಗಳಲ್ಲಿ ಪಾರ್ಥೇನಿನ್ ಎಂಬ ರಾಸಾಯನಿಕವಿದೆ. ಗಿಡ ಒಣಗಿ ಪುಡಿಯಾದರೂ ಅದರ ಶಕ್ತಿ ಕುಂದುವುದಿಲ್ಲ. ಗಾಳಿಯಲ್ಲಿ ಹಾರಿ ಬಂದು ಬೆವರಿದ ಮೈಗೆ ಅಂಟುತ್ತದೆ. ಆದ್ದರಿಂದ ಗಿಡವನ್ನು ಕೈಯಿಂದ ಮುಟ್ಟದವನಿಗೂ ರೋಗ ಬರಬಹುದು. ಪುಣೆಯ ಚರ್ಮವೈದ್ಯರು 1960ರ ದಶಕದ ಕೊನೆಯಲ್ಲಿಯೇ ಇದನ್ನು ಗುರುತಿಸಿ ಬರೆದಿದ್ದಾರೆ. ಮೊದಲು ಕಣ್ಣಿನ ರೆಪ್ಪೆ, ಮುಖ, ಕತ್ತು, ಮೊಣಕೈಯ ಒಳಮಡಿಕೆ; ತಡೆಯದಿದ್ದರೆ ಮೈಯೆಲ್ಲ. ಆರಂಭದ ವರ್ಷಗಳಲ್ಲಿ ಗಿಡ ಬೆಳೆಯುವ ಕಾಲಕ್ಕೆ ಬಂದು ಹೋಗುತ್ತದೆ. ಬರಬರುತ್ತ ವರ್ಷವಿಡೀ ನೆಲೆನಿಲ್ಲುತ್ತದೆ. ಮುಖದ ಚರ್ಮ ದಪ್ಪವಾಗಿ, ಕಪ್ಪಾಗಿ, ಹಣೆಯಲ್ಲಿ ಮಡಿಕೆ ಬೀಳುತ್ತದೆ.

ಹೀಗೆ ಮಡಿಕೆಬಿದ್ದ ಮುಖವನ್ನು ನೋಡಿ ಊರವರು ಏನೆಂದುಕೊಳ್ಳುತ್ತಾರೆಂಬುದನ್ನು ಊಹಿಸಬಹುದು. ಉತ್ತರ ಕರ್ನಾಟಕದ ಒಣಬೇಸಾಯದ ಹಳ್ಳಿಯೊಂದರಿಂದ ಬಂದಿದ್ದ ಐವತ್ತರ ಆಸುಪಾಸಿನ ರೈತರೊಬ್ಬರ ನೆನಪು ನನಗಿದೆ. ಅವರಿಗೆ ಕುಷ್ಠವೆಂದು ತಿಳಿದು ಮನೆಯಲ್ಲಿ ತಟ್ಟೆ ಲೋಟಗಳನ್ನು ಬೇರೆ ಇಟ್ಟಿದ್ದರು. ಸರ್ಪದೋಷವೆಂದು ಯಾರೋ ಹೇಳಿ ಸಾಲ ಮಾಡಿ ಶಾಂತಿ ಮಾಡಿಸಿದ್ದೂ ಆಗಿತ್ತು. ಹೊಲದ ಬದುವಿನಲ್ಲಿ ಈ ಗಿಡವಿದೆಯೇ ಎಂದು ಕೇಳಿದರೆ, ‘ಅದು ಇಲ್ಲದ ಹೊಲ ಯಾವುದೈತ್ರಿ ಸಾಹೇಬ್ರ? ನಮ್ಮೂರಾಗ ಎಲ್ಲಾರೂ ಅದನ್ನ ಕೀಳತಾರ. ನನಗೊಬ್ಬಗ ಹ್ಯಾಂಗ ಬಂತ್ರಿ?’ ಎಂದರು. ಆ ಪ್ರಶ್ನೆಯಲ್ಲಿ ರೋಗದ ನೋವಿಗಿಂತ ಹೆಚ್ಚಾಗಿ, ತಾನೇನೋ ಪಾಪ ಮಾಡಿದ್ದೇನೆಂಬ ಅಳುಕಿತ್ತು.

ಅದಕ್ಕೆ ಉತ್ತರ ಕೊಡಲು ವೈದ್ಯರ ಬಳಿ ಒಂದು ಸರಳ ಪರೀಕ್ಷೆಯಿದೆ. ಜೋಸೆಫ್ ಯಾಡಾಸ್ಸೋನ್ ಎಂಬ ಜರ್ಮನ್ ವೈದ್ಯ 1895ರಲ್ಲಿ ತೋರಿಸಿಕೊಟ್ಟದ್ದು ಅದು. ಶಂಕೆಯಿರುವ ವಸ್ತುಗಳನ್ನು ಸಣ್ಣ ತೇಪೆಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತೇವೆ. ಎರಡು ದಿನ ಬಿಟ್ಟು ತೆಗೆದು ನೋಡುತ್ತೇವೆ. ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ಯಾವುದು ಆಗದೋ ಆ ತೇಪೆಯಡಿ ಮಾತ್ರ ಚರ್ಮ ಕೆಂಪಾಗಿ ಗುಳ್ಳೆ ಎದ್ದಿರುತ್ತದೆ. ಈ ಎರಡು ದಿನಗಳ ವಿಳಂಬದಲ್ಲಿಯೇ ರೋಗದ ಮೋಸವೂ ಅಡಗಿದೆ. ಸೋಮವಾರ ಕಳೆ ಕಿತ್ತವನಿಗೆ ಬುಧವಾರ ತುರಿಕೆ ಹೆಚ್ಚುತ್ತದೆ; ಬುಧವಾರ ಅವನು ತಿಂದದ್ದು ಹುಳಿಯಾದರೆ ಹುಳಿಯ ಮೇಲೆ ತಪ್ಪು ಬೀಳುತ್ತದೆ. ಹೀಗೆ ನಿರಪರಾಧಿಗಳಾದ ಹತ್ತಾರು ಪದಾರ್ಥಗಳನ್ನು ಬಿಟ್ಟು, ಸಪ್ಪೆ ಉಂಡು ಸೊರಗಿದವರನ್ನು ನಾನು ನೋಡಿದ್ದೇನೆ. ಆ ರೈತರ ಬೆನ್ನಿನ ಮೇಲೆ ಎದ್ದದ್ದು ಒಂದೇ ತೇಪೆ - ಕಾಂಗ್ರೆಸ್ ಗಿಡದ್ದು. ಅದನ್ನು ಕನ್ನಡಿಯಲ್ಲಿ ಅವರಿಗೂ, ಜೊತೆಗೆ ಬಂದಿದ್ದ ಮಗನಿಗೂ ತೋರಿಸಿದೆವು. ಇದು ಅಂಟುರೋಗವಲ್ಲ, ಶಾಪವಲ್ಲ, ಕುಷ್ಠವಲ್ಲ. ಇವರ ಮೈ ಈ ಗಿಡವನ್ನು ಹಗೆಯೆಂದು ನೆನಪಿಟ್ಟುಕೊಂಡಿದೆ ಎಂದು ಬಿಡಿಸಿ ಹೇಳಿದೆವು. ಮಗ ಬಹಳ ಹೊತ್ತು ಮಾತಾಡಲಿಲ್ಲ. ಮುಂದಿನ ಸಲ ಬಂದಾಗ ತಟ್ಟೆ ಒಂದೇ ಆಗಿದೆ ಎಂದು ತಿಳಿಯಿತು. ಔಷಧಿಯಿಂದ ರೋಗ ಹತೋಟಿಗೆ ಬಂತು, ಪೂರ್ತಿ ಹೋಗಲಿಲ್ಲ. ಹೊಲ ಬಿಟ್ಟು ಅವರು ಹೋಗುವುದಾದರೂ ಎಲ್ಲಿಗೆ? ಕಾರಣ ತಿಳಿದ ಮಾತ್ರಕ್ಕೆ ಬಡವನ ಕಷ್ಟವೆಲ್ಲ ನೀಗುವುದಿಲ್ಲ. ಆದರೆ ಕಾರಣ ತಿಳಿಯದೆ ಹೊರಬೇಕಾದ ಅವಮಾನ ನೀಗುತ್ತದೆ.

ಈ ಗಿಡದ ಬಂಧುಬಳಗವೂ ದೊಡ್ಡದು. ಸೇವಂತಿಗೆ, ಸೂರ್ಯಕಾಂತಿ ಇದೇ ಕುಲದವು. ಪಾರ್ಥೇನಿನನ್ನು ಹೋಲುವ ದ್ರವ್ಯಗಳು ಇವುಗಳಲ್ಲಿಯೂ ಇರುವುದರಿಂದ ಒಂದನ್ನು ದ್ವೇಷಿಸಿದ ಚರ್ಮ ಇನ್ನೊಂದನ್ನೂ ದ್ವೇಷಿಸಬಹುದು. ಇನ್ನೂ ಒಂದು ಮಾತು. ಶ್ರಮದಾನದ ಹೆಸರಿನಲ್ಲಿ ಶಾಲೆಯ ಮಕ್ಕಳಿಂದ ಬರಿಗೈಯಲ್ಲಿ ಈ ಗಿಡವನ್ನು ಕೀಳಿಸುವುದುಂಟು. ಉದ್ದೇಶ ಒಳ್ಳೆಯದಾದರೂ, ಹತ್ತಾರು ಮಕ್ಕಳ ಮೈಗೆ ಈ ಹಗೆಯನ್ನು ಪರಿಚಯ ಮಾಡಿಕೊಡುವ ಕೆಲಸವದು. ಕೀಳಬೇಕಾದದ್ದು ದೊಡ್ಡವರು, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮುಂಚೆ, ಕೈಗವಸು ತೊಟ್ಟು, ಮೈ ಮುಚ್ಚಿಕೊಂಡು. ಮನುಷ್ಯನಿಗೆ ನೆರವಾಗಲೆಂದು 1983ರಲ್ಲಿ ಮೆಕ್ಸಿಕೊದಿಂದ ಜೈಗೊಗ್ರಾಮ ಎಂಬ ಪುಟ್ಟ ಜೀರುಂಡೆಯನ್ನು ತಂದು, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಈ ಗಿಡದ ಎಲೆಗಳನ್ನು ತಿಂದು ಬೋಳಾಗಿಸುತ್ತದೆ. ಒಣಗಾಲದಲ್ಲಿ ಮಣ್ಣಿನೊಳಗೆ ಅಡಗುತ್ತದೆ. ಗಿಡ ಸೊರಗಿದೆ, ಅಳಿದಿಲ್ಲ.

ಚಿಕಿತ್ಸೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹಿಸ್ಟಮಿನ್ನನ್ನು ತಡೆಯುವ ಮೊದಲ ಔಷಧವನ್ನು ಡೇನಿಯಲ್ ಬೋವೆ 1937ರಲ್ಲಿ ಪ್ಯಾರಿಸಿನಲ್ಲಿ ಕಂಡುಹಿಡಿದ. ಆ ವಂಶದ ಹಳೆಯ ಮಾತ್ರೆಗಳು ನಿದ್ದೆ ತರುತ್ತವೆ. ಈಗಿನವು ಅಷ್ಟಾಗಿ ತರುವುದಿಲ್ಲ. ಉಬ್ಬಸದವರಿಗೆ ಬಾಯಿಂದ ಎಳೆದುಕೊಳ್ಳುವ ಔಷಧಿ ಮಾತ್ರೆಗಿಂತ ಕಡಿಮೆ ಪ್ರಮಾಣದಲ್ಲಿ, ಬೇಕಾದ ಜಾಗಕ್ಕೇ ತಲಪುತ್ತದೆ. ಅದು ‘ಅಭ್ಯಾಸವಾಗಿಬಿಡುತ್ತದೆ’ ಎಂಬ ಭಯಕ್ಕೆ ಆಧಾರವಿಲ್ಲ. ಆಗದ ವಸ್ತುವನ್ನೇ ಅಣುವಣುವಾಗಿ ಕೊಟ್ಟು ಮೈಯನ್ನು ಒಗ್ಗಿಸುವ ಪದ್ಧತಿಯನ್ನು ಲಂಡನ್ನಿನ ಲೆನಾರ್ಡ್ ನೂನ್ 1911ರಲ್ಲಿ ಆರಂಭಿಸಿದ; ತಜ್ಞರ ಕೈಯಲ್ಲಿ ಅದು ಇಂದಿಗೂ ಉಪಯುಕ್ತ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮನ್ನು ಮಾತ್ರ ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ಕೊಂಡು ತಿಂಗಳುಗಟ್ಟಲೆ ಬಳಸಬೇಡಿ. ಮುಖದ ಚರ್ಮ ತೆಳುವಾಗಿ, ಬಿಟ್ಟೊಡನೆ ರೋಗ ಇಮ್ಮಡಿಸುತ್ತದೆ. ಮತ್ತೊಂದನ್ನು ಎಲ್ಲರೂ ನೆನಪಿಡಬೇಕು: ಏನನ್ನಾದರೂ ತಿಂದ, ಚುಚ್ಚಿಸಿಕೊಂಡ ಅಥವಾ ಹುಳು ಕಚ್ಚಿದ ಕೆಲವೇ ನಿಮಿಷಗಳಲ್ಲಿ ತುಟಿ ನಾಲಿಗೆ ಊದಿ, ಧ್ವನಿ ಕಟ್ಟಿ, ಉಸಿರು ಸಿಕ್ಕಿ, ತಲೆ ಸುತ್ತತೊಡಗಿದರೆ ಅದು ಮನೆಮದ್ದಿನ ಹೊತ್ತಲ್ಲ. ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೊಂದೇ ಜೀವ ಉಳಿಸುವಂಥದು. ಹತ್ತಿರದ ಆಸ್ಪತ್ರೆಗೆ ಆ ಕ್ಷಣವೇ ಒಯ್ಯಬೇಕು.

ಅಲರ್ಜಿ ಈಗ ಏಕೆ ಹೆಚ್ಚಾಗಿದೆ ಎಂದು ಕೇಳುವವರುಂಟು. ಒಂದು ಕಾರಣವಲ್ಲ, ಹಲವು. ತಂದೆತಾಯಿಗಳಿಂದ ಬರುವ ಒಲವು ಒಂದು. ನಗರದ ಹೊಗೆ ಇನ್ನೊಂದು. 1989ರಲ್ಲಿ ಇಂಗ್ಲೆಂಡಿನ ಡೇವಿಡ್ ಸ್ಟ್ರಾಕನ್ 17,000ಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಪರಿಶೀಲಿಸಿ, ಮನೆಯಲ್ಲಿ ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಮಗುವಿಗೆ ಪರಾಗದ ಅಲರ್ಜಿ ಕಡಿಮೆ ಎಂಬುದನ್ನು ಕಂಡ. ಎಳವೆಯಲ್ಲಿ ಮಣ್ಣು, ದನಕರು, ನೆರೆಹೊರೆಯ ಮಕ್ಕಳ ಒಡನಾಟವಿಲ್ಲದೆ ಬೆಳೆದ ಮೈಗೆ ಹಗೆ ಯಾರು, ನೆಂಟ ಯಾರು ಎಂಬುದರ ಪಾಠ ಸರಿಯಾಗಿ ಆಗುವುದಿಲ್ಲವೇನೋ ಎಂಬ ವಿಚಾರ ಅಲ್ಲಿಂದ ಬೆಳೆಯಿತು. 2015ರಲ್ಲಿ ಲಂಡನ್ನಿನ ವೈದ್ಯರು 640 ಹಸುಗೂಸುಗಳ ಮೇಲೆ ನಡೆಸಿದ ಪರೀಕ್ಷೆಯೂ ಇದಕ್ಕೆ ಹತ್ತಿರವಾದದ್ದೇ. ಕಡಲೆಕಾಯಿಯನ್ನು ಎಳವೆಯಿಂದಲೇ ತಿನ್ನಿಸುತ್ತ ಬಂದ ಮಕ್ಕಳಲ್ಲಿ ಅದರ ಅಲರ್ಜಿ, ದೂರವಿಟ್ಟ ಮಕ್ಕಳಲ್ಲಿ ಇದ್ದುದರ ಐದರಲ್ಲೊಂದು ಪಾಲಿಗೆ ಇಳಿದಿತ್ತು. ಹೆದರಿ ದೂರವಿಡುವುದೇ ಯಾವಾಗಲೂ ಕ್ಷೇಮವಲ್ಲ ಎಂದಾಯಿತು.

ಕೊನೆಯದಾಗಿ, ಮನೆಯಲ್ಲಿ ಯಾರಿಗಾದರೂ ಈ ತೊಂದರೆಯಿದ್ದರೆ ಒಂದು ನೋಟುಪುಸ್ತಕವಿಡಿ. ಯಾವ ದಿನ, ಯಾವ ಹೊತ್ತು, ಎಲ್ಲಿ, ಏನು ತಿಂದ ಮೇಲೆ, ಏನು ಮುಟ್ಟಿದ ಮೇಲೆ ಎಂದು ಬರೆಯಿರಿ. ಅಂದಿನದು ಮಾತ್ರವಲ್ಲ, ಹಿಂದಿನ ಎರಡು ದಿನಗಳದ್ದೂ ಇರಲಿ. ಬೆಲೆಬಾಳುವ ಪರೀಕ್ಷೆಗಳಿಗಿಂತ ಎಷ್ಟೋ ಸಲ ಆ ಪುಸ್ತಕವೇ ವೈದ್ಯನಿಗೆ ದಾರಿ ತೋರುತ್ತದೆ. ಮತ್ತು ಸೀನುವ ಮಗುವನ್ನು ನಾಜೂಕೆಂದೂ, ಉಬ್ಬಸದ ಹುಡುಗಿಯನ್ನು ಮದುವೆಗೆ ಆಗದವಳೆಂದೂ, ಮುಖ ಕೆಟ್ಟ ಕೂಲಿಯವನನ್ನು ಮುಟ್ಟಬಾರದವನೆಂದೂ ಕರೆಯದಿರೋಣ. ಅವರಿಗೆ ಒಂದು ವಸ್ತು ಒಗ್ಗುತ್ತಿಲ್ಲ. ಯಾವುದೆಂದು ಹುಡುಕಿಕೊಡುವುದು ವೈದ್ಯರ ಕೆಲಸ. ಹುಡುಕುವವರೆಗೆ ಅವರ ಮಾತನ್ನು ನಂಬುವುದು ನಮ್ಮೆಲ್ಲರ ಕೆಲಸ.